ನಾದೋಪಾಸಕಿ ಬೆಂಗಳೂರು ನಾಗರತ್ನಮ್ಮ

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಗೆ ಹೋದವರು ಮೊದಲು ಅಲ್ಲಿನ ಭವ್ಯ ಗಣಪತಿಯ ದರ್ಶನ ಮಾಡುತ್ತಾರೆ. ಅನಂತರ ಅದೇ ಊರಿನ ಸೋಮೇಶ್ವರ ದೇವಾಲಯವನ್ನು ನೋಡುತ್ತಾರೆ. ಆ ದೇವಾಲಯದ ಒಂದು ಭಾಗವನ್ನು ಶಿಲ್ಪಿ ಜಕಣಾಚಾರಿಯೂ ಇನ್ನೊಂದು ಭಾಗವನ್ನು ಅವನ ಮಗ ಡಂಕಣನೂ ಕಡೆದರೆಂದು ಜನ ಹೇಳುತ್ತಾರೆ. ಇದು ಚರಿತ್ರೆಯೋ ಐತಿಹ್ಯವೋ ಎಂಬ ಪ್ರಶ್ನೆ ಹಾಗಿರಲಿ. ತಂದೆತಾಯಿಗಳು ಕೈಬಿಟ್ಟಲ್ಲಿಂದ ಮಕ್ಕಳು ಕೈಹಚ್ಚಬೇಕು, ಹಾಗೆ ಮಾಡಿದಾಗಲೇ ಕೆಲಸ ಪೂರ್ತಿಯಾಗುತ್ತದೆ ಎಂಬ ನಂಬಿಕೆ ಆ ಮಾತಿನಲ್ಲಿ ಅಡಗಿದೆ.

ಆ ಸೀಮೆಯ ಹಳ್ಳಿಗಳಲ್ಲಿ ಇನ್ನೊಂದು ರೂಢಿಯೂ ಉಂಟು. ಸಾವು ಸಂಭವಿಸಿದ ಮನೆಯ ಮುಂದೆ ಭಜನೆಯವರು ತಾಳ ಹಿಡಿದು ಕುಳಿತು ರಾತ್ರಿ ಬಹಳ ಹೊತ್ತಿನವರೆಗೆ ಹಾಡುತ್ತಾರೆ. ಕೈವಾರದ ನಾರೇಯಣ ತಾತಯ್ಯನವರ ತತ್ತ್ವಪದಗಳು ಅಲ್ಲಿ ಕೇಳಿಬರುತ್ತವೆ. ಹಾಡಿನಿಂದ ಹೋದವರು ಮರಳಿ ಬರುವುದಿಲ್ಲವೆಂಬುದು ಹಾಡುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆದರೂ ಹಾಡುತ್ತಾರೆ. ಒಬ್ಬರೇ ಹೊರಲಾರದ ದುಃಖವನ್ನು ಹತ್ತು ಕಂಠಗಳು ಸೇರಿ ಹೊರುತ್ತವೆ. ದುಃಖಕ್ಕೂ ಸಂಗೀತಕ್ಕೂ ಇರುವ ಈ ನಂಟು ಬಹು ಹಳೆಯದು.

ಎಳೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು, ತಾಯಿ ಕೈಗೆ ಕೊಟ್ಟುಹೋದ ವಿದ್ಯೆಯನ್ನೇ ಊರುಗೋಲಾಗಿ ಹಿಡಿದು, ತಾಯಿಯ ಸಂಕಲ್ಪವನ್ನು ತನ್ನ ಜೀವಿತದಿಂದ ಪೂರೈಸಿದ ಒಬ್ಬ ಮಹಾಕಲಾವಿದೆ ನಮ್ಮ ನಾಡಿನಲ್ಲಿ ಆಗಿಹೋದರು. ಅವರೇ ಬೆಂಗಳೂರು ನಾಗರತ್ನಮ್ಮನವರು. ಕರ್ನಾಟಕ ಸಂಗೀತದ ಇತಿಹಾಸದಲ್ಲಿ ಅವರ ಹೆಸರು ಸಂತ ತ್ಯಾಗರಾಜರ ಹೆಸರಿನೊಡನೆ ಸೇರಿಕೊಂಡಿದೆ.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ಕಪಿಲಾ ನದಿಯ ದಡದಲ್ಲಿರುವ ನಂಜನಗೂಡಿನಲ್ಲಿ. ತಾಯಿಯ ಹೆಸರು ಪುಟ್ಟಲಕ್ಷ್ಮಿ. ಆಕೆ ದೇವದಾಸಿ ಕುಲದವರು. ಆ ಕಾಲದಲ್ಲಿ ಗೃಹಿಣಿಯರಿಗೆ ಓದುಬರಹವನ್ನು ಕಲಿಸುವ ವಾಡಿಕೆ ಬಹು ಕಡಿಮೆಯಾಗಿತ್ತು. ಸಂಗೀತ, ನೃತ್ಯ, ಸಾಹಿತ್ಯಗಳನ್ನು ಪೀಳಿಗೆಯಿಂದ ಪೀಳಿಗೆಗೆ ಉಳಿಸಿಕೊಂಡು ಬಂದವರಲ್ಲಿ ಈ ಕುಲದ ಸ್ತ್ರೀಯರು ಮುಖ್ಯರು. ಆದರೆ ಅವರ ವಿದ್ಯೆಯನ್ನು ಮೆಚ್ಚಿದ ಸಮಾಜವು ಅವರಿಗೆ ಗೌರವದ ಬಾಳನ್ನು ಕೊಡಲಿಲ್ಲ. ಹೆಣ್ಣುಮಕ್ಕಳನ್ನು ಬಾಲ್ಯದಲ್ಲಿಯೇ ಕಟ್ಟಿಹಾಕುತ್ತಿದ್ದ ಆ ಪದ್ಧತಿಯು ಅನೇಕರ ಬದುಕನ್ನು ಕಹಿಯಾಗಿಸಿತು. ಮದ್ರಾಸ್ ಪ್ರಾಂತ್ಯದಲ್ಲಿ 1947ರಲ್ಲಿ ಕಾನೂನಿನ ಮೂಲಕ ಅದನ್ನು ನಿಷೇಧಿಸಲಾಯಿತು. ನಾಗರತ್ನಮ್ಮ ಹುಟ್ಟಿದಾಗ ಅಂತಹ ದಿನ ಇನ್ನೂ ಬಹಳ ದೂರವಿತ್ತು.

ತಂದೆ ವಕೀಲ ಸುಬ್ಬರಾಯರು. ಮಗು ಚಿಕ್ಕದಾಗಿದ್ದಾಗಲೇ ಅವರ ಆಶ್ರಯ ತಪ್ಪಿತು. ಪುಟ್ಟಲಕ್ಷ್ಮಿ ಮಗಳನ್ನು ಎತ್ತಿಕೊಂಡು ಮೈಸೂರಿಗೆ ಬಂದರು. ಅಲ್ಲಿ ಗಿರಿಭಟ್ಟರ ತಿಮ್ಮಯ್ಯನವರೆಂಬ ವಿದ್ವಾಂಸರು ಆ ಮಗುವಿಗೆ ವಿದ್ಯೆ ಹೇಳಿಕೊಡಲು ಒಪ್ಪಿದರು. ಐದನೆಯ ವಯಸ್ಸಿನಲ್ಲಿ ಪಾಠ ಪ್ರಾರಂಭವಾಯಿತು. ಸಂಸ್ಕೃತದ ಶಬ್ದಗಳು, ಶ್ಲೋಕಗಳು, ಸಂಗೀತದ ಮೊದಲ ವರಸೆಗಳು ಒಂದರ ಹಿಂದೆ ಒಂದು ಆ ಬಾಲಕಿಗೆ ಕರಗತವಾದವು. ಕನ್ನಡದ ಜೊತೆಗೆ ತೆಲುಗನ್ನೂ ಆಕೆ ಬಲ್ಲವಳಾದಳು. ಒಂಬತ್ತು ಹತ್ತು ವರ್ಷದ ಹೊತ್ತಿಗೆ ಆಕೆಯ ಜ್ಞಾಪಕಶಕ್ತಿಯನ್ನೂ ಉಚ್ಚಾರಣೆಯ ಶುದ್ಧಿಯನ್ನೂ ಕಂಡು ಜನ ಬೆರಗಾಗುವಂತಾಯಿತು.

ಆದರೆ ಆ ಆಶ್ರಯವೂ ಬಹಳ ಕಾಲ ಉಳಿಯಲಿಲ್ಲ. ಗುರುವಿಗೂ ತಾಯಿಗೂ ಮನಸ್ತಾಪ ಬೆಳೆದು ಪುಟ್ಟಲಕ್ಷ್ಮಿ ನೊಂದುಕೊಂಡು ಮೈಸೂರನ್ನು ಬಿಟ್ಟರು. ಮಗಳು ದೊಡ್ಡ ವಿದುಷಿಯಾಗಿ ಇದೇ ಊರು ಅವಳನ್ನು ಮನ್ನಿಸುವವರೆಗೂ ಇಲ್ಲಿ ಕಾಲಿಡುವುದಿಲ್ಲವೆಂದು ಆಕೆ ಸಂಕಲ್ಪ ಮಾಡಿದರೆಂದು ಹೇಳುತ್ತಾರೆ. ಕೈಯಲ್ಲಿ ಹಣವಿಲ್ಲ, ಬೆನ್ನಿಗೆ ಬಂಧುಬಲವಿಲ್ಲ, ಜೊತೆಗೆ ಒಬ್ಬ ಪುಟ್ಟ ಮಗಳು. ಅಂತಹ ತಾಯಿಯೊಬ್ಬಳು ಮಾಡಿದ ಸಂಕಲ್ಪ ಇದು. ಊರೂರು ಅಲೆದ ಮೇಲೆ ತಾಯಿಮಗಳು ಬೆಂಗಳೂರಿಗೆ ಬಂದು ನೆಲೆಸಿದರು.

ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರೆಂಬ ಸಂಗೀತಗಾರರು ನಾಗರತ್ನಮ್ಮನಿಗೆ ಗುರುವಾಗಿ ದೊರೆತರು. ಈ ಗುರುವಿನ ಹಿಂದೆ ಒಂದು ದೊಡ್ಡ ಪರಂಪರೆಯಿತ್ತು. ತ್ಯಾಗರಾಜರ ಶಿಷ್ಯರಲ್ಲಿ ವಾಲಾಜಾಪೇಟೆಯ ವೆಂಕಟರಮಣ ಭಾಗವತರು ಪ್ರಮುಖರು. ಅವರ ಮಗ ಕೃಷ್ಣಸ್ವಾಮಿ ಭಾಗವತರು. ಆ ಕೃಷ್ಣಸ್ವಾಮಿ ಭಾಗವತರಲ್ಲಿ ಕಲಿತವರು ಮುನಿಸ್ವಾಮಪ್ಪನವರು. ಹೀಗೆ ಕಾವೇರಿಯ ದಡದ ತಿರುವಯ್ಯಾರಿನಲ್ಲಿ ಹುಟ್ಟಿದ ಕೀರ್ತನೆಗಳು ಕೆಲವೇ ಕೈಗಳನ್ನು ದಾಟಿ ಬೆಂಗಳೂರಿನ ಈ ಬಾಲಕಿಯ ಕಂಠವನ್ನು ಸೇರಿದವು. ಸಂಗೀತದ ಜೊತೆಯಲ್ಲಿ ನೃತ್ಯವನ್ನೂ ಪಿಟೀಲುವಾದನವನ್ನೂ ಆಕೆ ಕಲಿತಳು. ಕಲಿಸಿದವರು ಗುರುಗಳಾದರೂ ಕಲಿಕೆಯನ್ನು ಕಾವಲು ಕಾದವಳು ತಾಯಿ.

ನಾಗರತ್ನಮ್ಮನಿಗೆ 14 ವರ್ಷವಾಗಿದ್ದಾಗ ಆ ತಾಯಿ ತೀರಿಕೊಂಡರು.

ತಂದೆಯ ಆಸರೆಯನ್ನು ಕಾಣದ ಮಗುವಿಗೆ ತಾಯಿಯೇ ತಾಯಿ, ತಾಯಿಯೇ ತಂದೆ, ತಾಯಿಯೇ ಮನೆ. ಆ ಮನೆ ಒಂದೇ ದಿನದಲ್ಲಿ ಕುಸಿದುಬಿತ್ತು. ಮೈಸೂರಿನ ಸಂಕಲ್ಪ ಮಾತ್ರ ಪೂರೈಸದೆ ಉಳಿದಿತ್ತು. ಅದನ್ನು ಮಾಡಿದವರು ಇಲ್ಲ; ಅದನ್ನು ನೆರವೇರಿಸಬೇಕಾದ ಹುಡುಗಿ ಒಂಟಿ. ಆ ವಯಸ್ಸಿನಲ್ಲಿ ವಿದ್ಯೆಯನ್ನು ಬಿಟ್ಟು ಹೊಟ್ಟೆಪಾಡಿನ ಸುಲಭವಾದ ದಾರಿಯನ್ನು ಹಿಡಿದಿದ್ದರೆ ಯಾರೂ ಆಕೆಯನ್ನು ದೂರುವಂತಿರಲಿಲ್ಲ. ಆಕೆ ಹಾಗೆ ಮಾಡಲಿಲ್ಲ. ಪಾಠ ನಿಲ್ಲಲಿಲ್ಲ.

ಸಂಗೀತವನ್ನು ಕಲಿತವರಿಗೆ ಒಂದು ಸತ್ಯ ಅನುಭವದಿಂದ ತಿಳಿದಿರುತ್ತದೆ. ತಂಬೂರಿಯ ಶ್ರುತಿಗೆ ಕಂಠವನ್ನು ಸೇರಿಸಬೇಕಾದರೆ ಉಸಿರು ನೆಲೆಗೊಳ್ಳಬೇಕು. ಅಳುವ ಕಂಠ ಶ್ರುತಿಯಲ್ಲಿ ನಿಲ್ಲದು. ಷಡ್ಜವನ್ನು ನಿಲ್ಲಿಸಿ ಹಾಡಲು ಕುಳಿತವರು ಅಷ್ಟು ಹೊತ್ತಾದರೂ ಮನಸ್ಸನ್ನು ಸ್ಥಿಮಿತಕ್ಕೆ ತಂದುಕೊಳ್ಳಲೇಬೇಕು. ತಾಳವು ಯಾರ ದುಃಖಕ್ಕೂ ಕಾಯುವುದಿಲ್ಲ. ಆವರ್ತದ ಮೇಲೆ ಆವರ್ತ ಬರುತ್ತದೆ, ಹಾಡುವವರು ಅದರೊಡನೆ ನಡೆಯಬೇಕಾಗುತ್ತದೆ. ಹೀಗೆ ದಿನದಿನವೂ ಕೆಲವು ಗಳಿಗೆ ಶ್ರುತಿತಾಳಗಳ ಆಸರೆಯಲ್ಲಿ ಕಳೆದವರ ದುಃಖವು ಅಳಿದುಹೋಗುವುದಿಲ್ಲ, ಆದರೆ ಹೊರಲು ಬರುವಷ್ಟು ಹಗುರವಾಗುತ್ತದೆ. ಹಾಡುತ್ತಿದ್ದ ಕೀರ್ತನೆಗಳಾದರೂ ಎಂತಹವು? ತ್ಯಾಗರಾಜರು ಪೂಜಿಸುತ್ತಿದ್ದ ವಿಗ್ರಹಗಳನ್ನು ಅವರ ಅಣ್ಣ ಕಾವೇರಿಗೆ ಎಸೆದನೆಂದೂ, ಆ ಅಗಲಿಕೆಯನ್ನು ತಾಳಲಾರದೆ ಅವರು ಹಲವು ಕೃತಿಗಳಲ್ಲಿ ಮೊರೆಯಿಟ್ಟರೆಂದೂ ಸಂಪ್ರದಾಯ ಹೇಳುತ್ತದೆ. ಕಳೆದುಕೊಂಡವರ ಕರೆ ರಾಗವಾಗಿ ಹರಿದ ಆ ಹಾಡುಗಳೇ ತಾಯಿಯಿಲ್ಲದ ಬಾಲಕಿಯ ನಿತ್ಯದ ಅಭ್ಯಾಸವಾಗಿದ್ದವು.

ತಾಯಿ ತೀರಿಕೊಂಡ ಮರುವರ್ಷವೇ, 15ನೆಯ ವಯಸ್ಸಿನಲ್ಲಿ, ನಾಗರತ್ನಮ್ಮ ವಿದ್ವಜ್ಜನರ ಸಭೆಯಲ್ಲಿ ಮೊದಲ ಬಾರಿಗೆ ತಮ್ಮ ವಿದ್ಯೆಯನ್ನು ಪ್ರದರ್ಶಿಸಿದರು. ಮುಂದೆ ಮೈಸೂರಿನ ಆಸ್ಥಾನದಲ್ಲಿಯೂ ಮನ್ನಣೆ ದೊರೆಯಿತು. ವೀಣೆ ಶೇಷಣ್ಣ, ಸುಬ್ಬಣ್ಣ ಮುಂತಾದ ಮಹಾವಿದ್ವಾಂಸರಿಂದ ಬೆಳಗುತ್ತಿದ್ದ ಆಸ್ಥಾನವದು. ತಾಯಿ ನೊಂದು ಬಿಟ್ಟುಬಂದ ಊರಿನಲ್ಲಿಯೇ ಮಗಳಿಗೆ ಗೌರವ ಸಂದಿತು. ಪುಟ್ಟಲಕ್ಷ್ಮಿಯ ಸಂಕಲ್ಪ ನೆರವೇರಿತು. ಅದನ್ನು ನೋಡಲು ಪುಟ್ಟಲಕ್ಷ್ಮಿ ಇರಲಿಲ್ಲ. ಜನರ ಮೆಚ್ಚುಗೆಯ ನಡುವೆ ಆ ತರುಣಿಯ ಕಣ್ಣು ಸಭೆಯಲ್ಲಿ ಒಂದು ಮುಖವನ್ನು ಹುಡುಕಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ನರಹರಿರಾಯರು ಅವರ ಕಲೆಗೆ ಪೋಷಕರಾದರು. ಇಪ್ಪತ್ತನೆಯ ಶತಮಾನದ ಪ್ರಾರಂಭದಲ್ಲಿ ನಾಗರತ್ನಮ್ಮನವರು ಮದರಾಸಿಗೆ ಹೋಗಿ ನೆಲೆಸಿದರು. ಸಂಗೀತಗಾರರಿಗೂ ರಸಿಕರಿಗೂ ಆಗ ಮದರಾಸು ದೊಡ್ಡ ಕೇಂದ್ರವಾಗಿತ್ತು. ದಕ್ಷಿಣ ಭಾರತದ ಉದ್ದಗಲಕ್ಕೂ ಅವರು ಸಂಚರಿಸಿ ಸಾವಿರಕ್ಕೂ ಹೆಚ್ಚು ಕಚೇರಿಗಳನ್ನು ಮಾಡಿದರು. ಶ್ಲೋಕಗಳನ್ನು ರಾಗವಾಗಿ ಹಾಡುವುದರಲ್ಲಿ ಅವರದು ಎತ್ತಿದ ಕೈ. ಬಾಲ್ಯದ ಸಂಸ್ಕೃತ ಪಾಠ ಅಲ್ಲಿ ಫಲಕೊಟ್ಟಿತು. ಮೈಸೂರಿನ ಪ್ರಸಿದ್ಧ ಗಾಯಕರಾದ ಬಿಡಾರಂ ಕೃಷ್ಣಪ್ಪನವರನ್ನು ಅವರು ಗುರುಸ್ಥಾನದಲ್ಲಿ ಕಂಡು ತಮ್ಮ ವಿದ್ಯೆಯನ್ನು ಇನ್ನಷ್ಟು ತಿದ್ದಿಕೊಂಡರು. ವಿದ್ಯಾಸುಂದರಿ ಎಂಬ ಬಿರುದು ಅವರ ಹೆಸರಿಗೆ ಸೇರಿತು. ಎಲ್ಲಿಯೇ ಇದ್ದರೂ ಹೆಸರಿನ ಮುಂದೆ ಬೆಂಗಳೂರು ಉಳಿದೇ ಇತ್ತು.

ಹಾಡುಗಾರಿಕೆಯಿಂದ ಬಂದ ಕೀರ್ತಿಯಲ್ಲಿ ಅವರು ಮೈಮರೆತು ಕುಳಿತುಕೊಳ್ಳಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ ರಾಧಿಕಾಸಾಂತ್ವನಮು ಎಂಬ ಕಾವ್ಯವನ್ನು ರಚಿಸಿದ್ದಳು. ಆ ಕಾವ್ಯದ ಒಂದು ಮುದ್ರಿತ ಪ್ರತಿ ನಾಗರತ್ನಮ್ಮನವರ ಕೈಸೇರಿತು. ಹಸ್ತಪ್ರತಿಯೊಡನೆ ಹೋಲಿಸಿದಾಗ ಮುದ್ರಣದಲ್ಲಿ ಹಲವು ಭಾಗಗಳು ಬಿಟ್ಟುಹೋಗಿರುವುದು ಅವರಿಗೆ ತಿಳಿಯಿತು. ಕವಯಿತ್ರಿ ತನ್ನ ವಂಶದ ಸ್ತ್ರೀಯರನ್ನು ಹೆಮ್ಮೆಯಿಂದ ನೆನೆದಿದ್ದ ಪೀಠಿಕೆಯೂ ಹಾಗೆ ಬಿಟ್ಟುಹೋದ ಭಾಗಗಳಲ್ಲಿ ಸೇರಿತ್ತು. ತಾಯಿಯ ನೆನಪಿನಲ್ಲಿಯೇ ಬೆಳೆದ ಹೆಣ್ಣುಮಗಳು ಇದನ್ನು ಸಹಿಸುವುದುಂಟೆ? ನಾಗರತ್ನಮ್ಮನವರು ಶ್ರಮವಹಿಸಿ ಪೂರ್ಣಪಾಠವನ್ನು ಸಂಪಾದಿಸಿ 1910ರಲ್ಲಿ ಪ್ರಕಟಿಸಿದರು. ಕಾವ್ಯದಲ್ಲಿ ಶೃಂಗಾರ ಮಿತಿಮೀರಿದೆಯೆಂದು ಕೆಲವು ಪಂಡಿತರು ಆಕ್ಷೇಪಿಸಿದರು; ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಪುರುಷ ಕವಿಗಳು ಬರೆದ ಅಂತಹ ಕಾವ್ಯಗಳನ್ನು ಆದರದಿಂದ ಓದುವವರು ಸ್ತ್ರೀ ಬರೆದುದನ್ನು ಮಾತ್ರ ಏಕೆ ದೂಷಿಸಬೇಕೆಂಬುದು ನಾಗರತ್ನಮ್ಮನವರ ವಾದವಾಗಿತ್ತು. ಆ ನಿಷೇಧ 1947ರಲ್ಲಿ ತೆರವಾಯಿತು.

1921ರಲ್ಲಿ ಅವರ ಬಾಳಿನ ದಿಕ್ಕನ್ನೇ ಬದಲಿಸಿದ ಘಟನೆಯೊಂದು ನಡೆಯಿತು. ತಿರುವಯ್ಯಾರಿಗೆ ಹೋಗಿದ್ದ ಬಿಡಾರಂ ಕೃಷ್ಣಪ್ಪನವರು ತ್ಯಾಗರಾಜರ ಸಮಾಧಿಯು ದುಃಸ್ಥಿತಿಯಲ್ಲಿರುವುದನ್ನು ಕಂಡು ಮರುಗಿ ನಾಗರತ್ನಮ್ಮನವರಿಗೆ ಪತ್ರ ಬರೆದರು. ತ್ಯಾಗರಾಜರು 1847ರಲ್ಲಿ ದೇಹವನ್ನು ಬಿಟ್ಟಿದ್ದರು. ಅವರ ಕೃತಿಗಳನ್ನು ಹಾಡಿ ದಕ್ಷಿಣ ಭಾರತದ ಎಷ್ಟೋ ಗಾಯಕರು ಹೆಸರನ್ನೂ ಹಣವನ್ನೂ ಗಳಿಸಿದ್ದರು. ಆದರೆ ಆ ಮಹಾನುಭಾವರು ಒರಗಿದ ನೆಲ ಮಾತ್ರ ಗಿಡಗಂಟಿಗಳ ನಡುವೆ ಅನಾಥವಾಗಿತ್ತು. ತಾಯಿಯನ್ನು ಕಳೆದುಕೊಂಡ ದಿನಗಳಲ್ಲಿ ತಮ್ಮನ್ನು ಎತ್ತಿ ನಿಲ್ಲಿಸಿದ ಸಂಗೀತದ ಮೂಲಪುರುಷನಿಗೆ ಒದಗಿದ ಈ ಸ್ಥಿತಿ ನಾಗರತ್ನಮ್ಮನವರ ಮನಸ್ಸನ್ನು ಕಲಕಿತು.

ಅವರು ತಿರುವಯ್ಯಾರಿಗೆ ಹೋದರು. ಸಮಾಧಿಯ ಸುತ್ತಣ ನೆಲವನ್ನು ಪಡೆದು ಅಲ್ಲಿ ಮಂದಿರವನ್ನು ಕಟ್ಟಿಸುವ ಕೆಲಸಕ್ಕೆ ಅದೇ ವರ್ಷ ಕೈಹಾಕಿದರು. ಅದಕ್ಕೆ ಬೇಕಾದ ಹಣವನ್ನು ಕಚೇರಿಗಳಿಂದ ಕೂಡಿಟ್ಟ ತಮ್ಮ ಸಂಪಾದನೆಯಿಂದ ಒದಗಿಸಿದರು. ಕೆಲವು ವರ್ಷಗಳ ಪರಿಶ್ರಮದ ನಂತರ ಮಂದಿರ ಸಿದ್ಧವಾಗಿ, ತ್ಯಾಗರಾಜರ ಶಿಲಾಮೂರ್ತಿಯ ಪ್ರತಿಷ್ಠೆ ನೆರವೇರಿತು. ನಿತ್ಯಪೂಜೆಗೂ ವ್ಯವಸ್ಥೆಯಾಯಿತು.

ಪ್ರತಿವರ್ಷವೂ ಪುಷ್ಯ ಬಹುಳ ಪಂಚಮಿಯಂದು ತ್ಯಾಗರಾಜರ ಆರಾಧನೆ ತಿರುವಯ್ಯಾರಿನಲ್ಲಿ ನಡೆಯುತ್ತಿತ್ತು. ಸಂಗೀತಗಾರರು ಆಗ ಎರಡು ಪಕ್ಷಗಳಾಗಿ ಒಡೆದು, ಒಬ್ಬರು ಮಾಡಿದುದನ್ನು ಇನ್ನೊಬ್ಬರು ಒಪ್ಪದ ಸ್ಥಿತಿಯಿತ್ತು. ಆದರೆ ಒಂದು ವಿಷಯದಲ್ಲಿ ಎರಡೂ ಪಕ್ಷಗಳ ಅಭಿಪ್ರಾಯ ಒಂದೇ: ಆರಾಧನೆಯಲ್ಲಿ ಸ್ತ್ರೀಯರು ಹಾಡಕೂಡದು. ಮಂದಿರವನ್ನು ಕಟ್ಟಿಸಿದವರು ಒಬ್ಬ ಸ್ತ್ರೀ; ಅದರ ಮುಂದೆ ಹಾಡುವ ಹಕ್ಕು ಮಾತ್ರ ಆ ಸ್ತ್ರೀಗೆ ಇಲ್ಲ. ಎಂತಹ ವಿಪರ್ಯಾಸ!

ಬಾಲ್ಯದಲ್ಲಿ ತಾಯಿ ಅವಮಾನವನ್ನು ಹೇಗೆ ಎದುರಿಸಿದಳೆಂಬುದನ್ನು ನಾಗರತ್ನಮ್ಮ ಕಣ್ಣಾರೆ ಕಂಡಿದ್ದರು. ಪುಟ್ಟಲಕ್ಷ್ಮಿ ಜಗಳಕ್ಕೆ ನಿಂತಿರಲಿಲ್ಲ. ಮಗಳ ವಿದ್ಯೆಯೇ ಉತ್ತರ ಹೇಳಲೆಂದು ಹೊರಟುಬಂದಿದ್ದಳು. ಮಗಳೂ ಈಗ ವಿದ್ಯೆಯಿಂದಲೇ ಉತ್ತರ ಕೊಟ್ಟರು. 1920ರ ದಶಕದ ಕೊನೆಯ ವರ್ಷಗಳಲ್ಲಿ ಅವರು ಗಾಯಕಿಯರನ್ನು ಒಂದುಗೂಡಿಸಿ ಸ್ತ್ರೀಯರದೇ ಒಂದು ಪಕ್ಷವನ್ನು ಕಟ್ಟಿದರು. ಮಂದಿರದ ಮುಂಭಾಗದಲ್ಲಿ ಪುರುಷರು ಹಾಡುತ್ತಿದ್ದರೆ ಅದರ ಹಿಂಭಾಗದಲ್ಲಿ ಸ್ತ್ರೀಯರು ಕುಳಿತು ಹಾಡಿದರು. ಅದೇ ತ್ಯಾಗರಾಜರು, ಅದೇ ಕೃತಿಗಳು, ಅದೇ ಶ್ರುತಿತಾಳಗಳು. ಗೋಡೆಯ ಎರಡು ಕಡೆಯಿಂದಲೂ ಏಳುತ್ತಿದ್ದ ನಾದಕ್ಕೆ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ವರ್ಷದಿಂದ ವರ್ಷಕ್ಕೆ ಇದು ನಡೆದುಬಂದಿತು. ಕೊನೆಗೆ 1940ರ ಸುಮಾರಿಗೆ ಬೇರೆ ಬೇರೆ ಪಕ್ಷಗಳನ್ನು ಒಂದುಗೂಡಿಸುವ ಪ್ರಯತ್ನ ಫಲಿಸಿತು. ಆರಾಧನೆ ಒಂದಾಯಿತು, ಸ್ತ್ರೀಯರಿಗೂ ಅದರಲ್ಲಿ ಸ್ಥಾನ ದೊರೆಯಿತು. ಈಗ ಆ ದಿನದಂದು ತಿರುವಯ್ಯಾರಿನಲ್ಲಿ ನೂರಾರು ಗಾಯಕಗಾಯಕಿಯರು ಒಟ್ಟಿಗೆ ಕುಳಿತು ಪಂಚರತ್ನ ಕೃತಿಗಳನ್ನು ಹಾಡುತ್ತಾರೆ.

ನಾಗರತ್ನಮ್ಮನವರು ತಮ್ಮ ಕೊನೆಯ ವರ್ಷಗಳನ್ನು ತಿರುವಯ್ಯಾರಿನಲ್ಲಿಯೇ ಕಳೆದರು. ಒಂದು ಕಾಲಕ್ಕೆ ಆಸ್ಥಾನಗಳಲ್ಲಿ ಮೆರೆದ ಕಲಾವಿದೆ ಈಗ ಸರಳವಾದ ಬಾಳನ್ನು ಆರಿಸಿಕೊಂಡರು. ತಮ್ಮ ಆಸ್ತಿಯನ್ನು ತ್ಯಾಗರಾಜರ ಸೇವೆಗೆಂದು ಮುಡಿಪಾಗಿಟ್ಟರು. 1952ರ ಮೇ 19ರಂದು, 73ನೆಯ ವಯಸ್ಸಿನಲ್ಲಿ, ಅವರು ದೇಹವನ್ನು ಬಿಟ್ಟರು. ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಅವರ ಸ್ಮಾರಕವಿದೆ. ಅಲ್ಲಿ ನಾಗರತ್ನಮ್ಮನವರ ಮೂರ್ತಿಯು ಗುರುವಿನ ಸನ್ನಿಧಿಯ ಕಡೆಗೆ ಮುಖಮಾಡಿ ಕೈಮುಗಿದು ಕುಳಿತಿದೆ.

ಪುಟ್ಟಲಕ್ಷ್ಮಿಗೆ ಯಾವ ಸ್ಮಾರಕವೂ ಇದ್ದಂತಿಲ್ಲ. ಆಕೆ ಹಾಡಿದ ಹಾಡು ಯಾವುದೂ ನಮಗೆ ಉಳಿದಿಲ್ಲ. ಆದರೂ ವಿಚಾರಮಾಡಿ ನೋಡಿದರೆ ತಿರುವಯ್ಯಾರಿನ ಮಂದಿರದ ಕಲ್ಲುಗಳಲ್ಲಿ ಆ ತಾಯಿಯ ಪಾಲೂ ಸೇರಿದೆ. ಬಡತನದಲ್ಲಿಯೂ ಮಗಳ ಪಾಠವನ್ನು ತಪ್ಪಿಸದಿದ್ದ ಆಕೆಯ ಛಲವಿಲ್ಲದಿದ್ದರೆ ಆ ಮಗಳಿಗೆ ಸಂಗೀತವಿರುತ್ತಿರಲಿಲ್ಲ. ಸಂಗೀತವಿಲ್ಲದಿದ್ದರೆ ಆ ಮಂದಿರ ಏಳುತ್ತಿರಲಿಲ್ಲ. ಜಕಣ ನಿಲ್ಲಿಸಿದಲ್ಲಿಂದ ಡಂಕಣ ಮುಂದುವರಿಸಿದನೆಂದು ಕುರುಡುಮಲೆಯ ಜನ ನಂಬುವಂತೆ, ಪುಟ್ಟಲಕ್ಷ್ಮಿ ನಿಲ್ಲಿಸಿದಲ್ಲಿಂದ ನಾಗರತ್ನಮ್ಮ ಮುಂದುವರಿಸಿದರು.

ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ವಿದ್ಯಾರ್ಥಿಗಳು ಪ್ರತಿಯೊಂದು ಶಾಲೆಯಲ್ಲಿಯೂ ಇರುತ್ತಾರೆ. ಅವರಲ್ಲಿ ಕೆಲವರು ಮಾತನ್ನೇ ಕಡಿಮೆಮಾಡಿ ಹಿಂದಿನ ಸಾಲಿನಲ್ಲಿ ಕುಳಿತುಬಿಡುವುದನ್ನು ಉಪಾಧ್ಯಾಯರಾದವರು ಬಲ್ಲರು. ಅಂತಹವರಿಗೆ ಬರಿಯ ಸಮಾಧಾನದ ಮಾತು ಸಾಲದು. ಕೈಗೆ ಒಂದು ಕೆಲಸ, ಕಂಠಕ್ಕೆ ಒಂದು ಹಾಡು, ಜೊತೆಗೆ ಕುಳಿತು ದನಿಗೂಡಿಸುವ ಗೆಳೆಯರು ಬೇಕು. ದುಃಖವನ್ನು ಮರೆಯಬೇಕೆಂದು ನಾಗರತ್ನಮ್ಮನವರ ಬಾಳು ನಮಗೆ ಹೇಳುವುದಿಲ್ಲ. ಹೋದವರು ನಮ್ಮ ಕೈಯಲ್ಲಿ ಬಿಟ್ಟುಹೋದ ವಿದ್ಯೆಯನ್ನು ಬೆಳಸಿ ನಾಲ್ಕು ಜನರಿಗೆ ಹಂಚಿದರೆ, ಅವರು ನಮ್ಮೊಡನೆ ಇದ್ದಂತೆಯೇ ಸರಿ ಎಂದು ತೋರಿಸಿಕೊಡುತ್ತದೆ.